ಮಾತ್ರೆ ನಿಲ್ಲಿಸಲು ಅವಸರವೇಕೆ?

‘ಮಗ ಚಟ ಬಿಟ್ಟನಲ್ಲ, ಇನ್ನು ಈ ಮಾತ್ರೆ ಎಷ್ಟು ದಿನ ಡಾಕ್ಟ್ರೇ?’ ಮಾದಕ ವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿರುವ ಹುಡುಗರ ತಂದೆತಾಯಂದಿರಲ್ಲಿ ಈ ಪ್ರಶ್ನೆ ಏಳುವುದು ಸಹಜ. ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ ಎಂಬ ಅನುಮಾನವೂ ಅದರ ಹಿಂದಿರುತ್ತದೆ. ಆದರೆ ಉತ್ತರ ತಿಳಿಯದೆ ಮಾತ್ರೆ ನಿಲ್ಲಿಸಿಬಿಟ್ಟರೆ ಜೀವಕ್ಕೇ ಕುತ್ತು ಬರಬಹುದು.

ಅಫೀಮು, ಹೆರಾಯಿನ್, ಬ್ರೌನ್ ಶುಗರ್, ಕೊಡೀನ್ ಬೆರೆತ ಕೆಮ್ಮಿನ ಸಿರಪ್, ಟ್ರಮಡಾಲ್‌ನಂತಹ ನೋವಿನ ಮಾತ್ರೆ ಇವೆಲ್ಲ ‘ಒಪಿಯಾಯ್ಡ್’ ಎಂಬ ಒಂದೇ ಬಳಗಕ್ಕೆ ಸೇರಿದವು. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ನೂರಕ್ಕೆ ಇಬ್ಬರು ಇವನ್ನು ಬಳಸುತ್ತಿದ್ದರು. ಇವುಗಳಿಗೆ ಒಗ್ಗಿಹೋದ ಮಿದುಳಿಗೆ ಅವು ಸಿಗದಿದ್ದರೆ ಮೈಕೈ ನೋವು, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು ಶುರುವಾಗುತ್ತವೆ. ಈ ಯಾತನೆ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಆದರೆ ‘ಮತ್ತೆ ಬೇಕು’ ಎಂಬ ತುಡಿತ ಅಷ್ಟು ಬೇಗ ಇಳಿಯುವುದಿಲ್ಲ.

ನ್ಯೂಯಾರ್ಕಿನ ಪ್ರಯೋಗ

ಈ ತುಡಿತಕ್ಕೆ ಮದ್ದು ಹುಡುಕಿದವರು ನ್ಯೂಯಾರ್ಕಿನ ವೈದ್ಯ ವಿನ್ಸೆಂಟ್ ಡೋಲ್ ಮತ್ತು ಮನೋವೈದ್ಯೆ ಮೇರಿ ನೈಸ್ವಾಂಡರ್. 1964ರಲ್ಲಿ ಅವರು ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಕೊಡತೊಡಗಿದರು. ಮರುವರ್ಷ 22 ರೋಗಿಗಳ ವರದಿ ಪ್ರಕಟವಾಯಿತು. ದಿನವೂ ನಿಗದಿತ ಪ್ರಮಾಣದ ಔಷಧಿ ದೊರೆತಾಗ ಹೆರಾಯಿನ್ ಹಂಬಲ ಅಡಗಿತ್ತು. ಬೀದಿ ಅಲೆಯುತ್ತಿದ್ದವರು ಶಾಲೆಗೆ, ಕೆಲಸಕ್ಕೆ ಮರಳಿದ್ದರು.

ಬಳಿಕ ಬಂದದ್ದು ಬುಪ್ರೆನಾರ್ಫಿನ್. ಫ್ರಾನ್ಸ್ 1995ರ ನಂತರ ಇದನ್ನು ಬರೆದುಕೊಡುವ ಅಧಿಕಾರವನ್ನು ಸಾಮಾನ್ಯ ವೈದ್ಯರಿಗೂ ಕೊಟ್ಟಿತು. ಮಾದಕ ವಸ್ತು ಮಿತಿಮೀರಿ ಸಾಯುವವರ ಸಂಖ್ಯೆ ಅಲ್ಲಿ ನಾಲ್ಕೇ ವರ್ಷಗಳಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯಿತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅಮಲಲ್ಲ, ಮದ್ದು

ಹೆರಾಯಿನ್ ಕೆಲವೇ ನಿಮಿಷಗಳಲ್ಲಿ ತಲೆಗೇರಿ, ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆದ್ದರಿಂದಲೇ ವ್ಯಸನಿಯ ಇಡೀ ದಿನ ಮುಂದಿನ ಡೋಸ್ ಹುಡುಕುವುದರಲ್ಲೇ ಕಳೆಯುತ್ತದೆ. ಚಿಕಿತ್ಸೆಯ ಔಷಧಿಗಳು ಹಾಗಲ್ಲ, ನಿಧಾನವಾಗಿ ಏರಿ ದಿನವಿಡೀ ಸಮನಾಗಿ ನಿಲ್ಲುತ್ತವೆ. ಸರಿಯಾದ ಪ್ರಮಾಣದಲ್ಲಿ ಇವನ್ನು ತೆಗೆದುಕೊಳ್ಳುವ ಹುಡುಗ ತರಗತಿಯಲ್ಲಿ ಕುಳಿತು ಪಾಠ ಕೇಳಬಲ್ಲ. ನಾಲಿಗೆಯಡಿ ಇಟ್ಟು ಕರಗಿಸುವ ಬುಪ್ರೆನಾರ್ಫಿನ್‌ನ ಪರಿಣಾಮ ಒಂದು ಮಟ್ಟಕ್ಕಿಂತ ಹೆಚ್ಚುವುದಿಲ್ಲ. ಹೀಗಾಗಿ ಉಸಿರು ನಿಲ್ಲುವ ಅಪಾಯವೂ ಕಡಿಮೆ.

ಇನ್ನು ಮಾತ್ರೆ ನಿಲ್ಲಿಸುವ ವಿಚಾರ. ವ್ಯಸನಿ ಕೆಲವು ವಾರ ದೂರವಿದ್ದರೆ ದೇಹದ ತಾಳಿಕೆ ಕುಗ್ಗುತ್ತದೆ. ಆಗ ತುಡಿತ ಮರುಕಳಿಸಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಂತುಹೋಗಬಹುದು. ಚಿಕಿತ್ಸೆ ಬಿಟ್ಟ ಮೊದಲ ನಾಲ್ಕು ವಾರಗಳಲ್ಲಿ ಸಾವಿನ ಅಪಾಯ ಅತಿ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗುವುದನ್ನು ನಾವು ಚಟ ಎನ್ನುವುದಿಲ್ಲ. ಇಲ್ಲಿಯೂ ಹಾಗೆಯೇ.

ಹಾಗೆಂದು ಇವು ಅಪಾಯವಿಲ್ಲದ ಗುಳಿಗೆಗಳೇನೂ ಅಲ್ಲ. ಮದ್ಯ ಇಲ್ಲವೇ ನಿದ್ದೆ ಮಾತ್ರೆಯೊಡನೆ ಸೇರಿದರೆ ಪ್ರಾಣಾಪಾಯ ಉಂಟು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಬೇಕು. ನಿಲ್ಲಿಸುವುದಾದರೆ ವೈದ್ಯರ ಸಲಹೆಯಂತೆ, ಹಂತಹಂತವಾಗಿ ಮಾತ್ರ. ಜೊತೆಗೆ ಆಪ್ತ ಸಲಹೆಯೂ ಬೇಕು.

ಎಲ್ಲಿ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು.

ಪೋಷಕರೇ, ‘ಮಾತ್ರೆ ಯಾವಾಗ ನಿಲ್ಲುತ್ತದೆ?’ ಎಂದು ಕೇಳುವ ಮೊದಲು ಬೇರೆ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮಗ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾನೆಯೇ? ಕಾಲೇಜಿಗೆ ಹೋಗುತ್ತಿದ್ದಾನೆಯೇ? ಮನೆಯವರೊಡನೆ ಮಾತನಾಡುತ್ತಿದ್ದಾನೆಯೇ? ಹೌದೆಂದಾದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ವಿದ್ಯಾರ್ಥಿಗಳೂ ಅಷ್ಟೇ: ಚಿಕಿತ್ಸೆಯಲ್ಲಿರುವ ಗೆಳೆಯನನ್ನು ಹಂಗಿಸಬೇಡಿ. ಆ ಮಾತು ಅವನನ್ನು ಮತ್ತೆ ಹಳೆಯ ಹಾದಿಗೇ ತಳ್ಳೀತು.