ನಲ್ಲಿ ನೀರಿನ ಘಾಟು: ಹೆದರಬೇಕಾದ್ದು ಯಾವುದಕ್ಕೆ?

ಮೂಡಿಗೆರೆ: ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಮೊನ್ನೆ ಸಣ್ಣ ವಾಗ್ವಾದ. ಕಳಸದ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಲೋಟ ಎತ್ತಿ ಮೂಸಿ ಹಾಗೇ ಕೆಳಗಿಟ್ಟರು. "ಏನ್ರೀ ಇದು, ನೀರೋ ಬ್ಲೀಚಿಂಗ್ ಪೌಡರ್ ಕಷಾಯವೋ? ಇದನ್ನ ಕುಡಿದ್ರೆ ಕ್ಯಾನ್ಸರ್ ಬರುತ್ತಂತೆ!" ಗಲ್ಲಾದಲ್ಲಿದ್ದ ಯಜಮಾನರು ಬಿಡಲಿಲ್ಲ. "ಪೌಡರ್ ಹಾಕ್ದೇ ಇದ್ರೆ ಕಾಮಾಲೆ ಬರುತ್ತೆ. ಯಾವುದು ಬೇಕು ಸ್ವಾಮಿ?"

ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ತಕ್ಕಡಿಯಲ್ಲಿಟ್ಟರೆ ಎರಡರ ತೂಕ ಒಂದೇ ಅಲ್ಲ.

ಊರಿನ ನೀರಿಗೆಲ್ಲ ದಿನವೂ ಕ್ಲೋರಿನ್ ಬೆರೆಸುವ ಪದ್ಧತಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ 1908ರಲ್ಲೇ ಶುರುವಾಯಿತು. ಕಾಲರಾ, ಟೈಫಾಯಿಡ್‌ಗಳ ಹಾವಳಿ ತಗ್ಗಿಸಿದ ಪುಣ್ಯ ಬಹುಮಟ್ಟಿಗೆ ಅದರದ್ದೇ. 1974ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನ ರಸಾಯನಶಾಸ್ತ್ರಜ್ಞ ಯೋಹಾನೆಸ್ ರೂಕ್ ಇನ್ನೊಂದು ಮುಖ ತೋರಿಸಿದರು. ನೀರಿನಲ್ಲಿ ಕೊಳೆತ ಎಲೆ, ಬೇರಿನ ರಸವಿದ್ದರೆ ಕ್ಲೋರಿನ್ ಅದರ ಜೊತೆ ಕೂಡಿ ಕ್ಲೋರೋಫಾರಂ ಮುಂತಾದ ವಸ್ತುಗಳು ಹುಟ್ಟುತ್ತವೆ. ಇವಕ್ಕೆ ಟ್ರೈಹ್ಯಾಲೋಮೀಥೇನ್ ಎಂದು ಹೆಸರು.

ಹೆಚ್ಚು ಪ್ರಮಾಣದ ಕ್ಲೋರೋಫಾರಂ ಕೊಟ್ಟ ಇಲಿಗಳಿಗೆ ಯಕೃತ್ತು, ಮೂತ್ರಪಿಂಡದ ಗಡ್ಡೆ ಬಂದದ್ದು ನಿಜ. ಹತ್ತಾರು ವರ್ಷ ಇಂಥ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಕಾರಣ ಇದೇ ಎಂದು ಇನ್ನೂ ಖಚಿತವಾಗಿಲ್ಲ. ಅದೇ ಕ್ಯಾನ್ಸರಿಗೆ ಬೀಡಿ, ಸಿಗರೇಟು ಮಾತ್ರ ಖಚಿತವಾದ ದೊಡ್ಡ ಕಾರಣ. ಬೀಡಿ ಸೇದುತ್ತಾ ನಲ್ಲಿ ನೀರನ್ನು ಬೈಯುವವರು ಗಮನಿಸಬೇಕು!

ನಮ್ಮ ಮಲೆನಾಡಿಗೂ ಇದಕ್ಕೂ ಏನು ನಂಟು? ನಮ್ಮ ನೀರೆಲ್ಲ ಕಾಡು, ತೋಟಗಳ ತರಗೆಲೆ ತೊಳೆದುಕೊಂಡೇ ಬರುವುದು. ಗಂಗಾಮೂಲದಲ್ಲಿ ಹುಟ್ಟಿ ಕಳಸದತ್ತ ಇಳಿಯುವ ಭದ್ರೆ, ಮೂಡಿಗೆರೆ ಸೀಮೆಯಲ್ಲೇ ಹುಟ್ಟುವ ಹೇಮಾವತಿ, ಚಿಕ್ಕಮಗಳೂರಿಗೆ ನೀರು ಕೊಡುವ ಹಿರೇಕೊಳಲೆ ಕೆರೆ ಮತ್ತು ಯಗಚಿ, ಯಾವುದೂ ಇದಕ್ಕೆ ಹೊರತಲ್ಲ. ಮಳೆಗಾಲದಲ್ಲಿ ಕೆಂಪು ನೀರು. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ತೊಳೆದ ಪಲ್ಪರ್ ನೀರು ಎಲ್ಲಾದರೂ ತೊರೆಗೆ ಸೇರಿದರೆ ಕೊಳೆ ಇನ್ನೂ ಹೆಚ್ಚು. ಕೊಳೆ ಹೆಚ್ಚಿದಷ್ಟೂ ಕ್ಲೋರಿನ್ ಹೆಚ್ಚು ಸುರಿಯಬೇಕು.

ಹಾಗಾದರೆ ಪೌಡರ್ ನಿಲ್ಲಿಸೋಣವೇ? ಖಂಡಿತ ಬೇಡ. ಈ ವಸ್ತುಗಳ ಭಯದಿಂದ ಸೋಂಕು ನಿವಾರಣೆಯನ್ನು ಸಡಿಲಿಸಬಾರದು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕ್ಯಾನ್ಸರಿನ ಸಣ್ಣ ಅಪಾಯ ಹತ್ತಾರು ವರ್ಷದ ಲೆಕ್ಕ. ಕಾಲರಾ ಎರಡು ದಿನದಲ್ಲಿ ಆಳು ಎತ್ತೀತು.

ದಾರಿ ಇರುವುದು ಬೇರೆ ಕಡೆ. ಮೊದಲು ಪಟಿಕ ಹಾಕಿ ಕೆಸರು ತಂಗಿಸಿ, ಮರಳಿನಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಹಾಕಬೇಕು. ಎಲೆಯ ರಸ ಮೊದಲೇ ಕಡಿಮೆಯಾದರೆ ಕ್ಲೋರೋಫಾರಂ ಹುಟ್ಟುವುದೂ ಕಡಿಮೆ. ಕೆಂಪು ನೀರಿಗೇ ನೇರವಾಗಿ ಪೌಡರ್ ಸುರಿದರೆ ಎರಡೂ ಕಡೆ ನಷ್ಟ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕ್ಲೋರೋಫಾರಂ 0.2 ಮಿಲಿಗ್ರಾಂ ಮೀರಬಾರದು. ಉಳಿಕೆ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಉಳಿಕೆ ಕ್ಲೋರಿನ್ನನ್ನು ನಲ್ಲಿಯ ಹತ್ತಿರವೇ ನಿಮಿಷದಲ್ಲಿ ನೋಡಬಹುದು. ಕ್ಲೋರೋಫಾರಂ ಲೆಕ್ಕಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕು. ಮೂಗಿಗೆ ಬಡಿಯುವ ಘಾಟು ಕ್ಲೋರಿನ್ನಿನದು. ಕ್ಲೋರೋಫಾರಂ ಎಷ್ಟಿದೆಯೆಂದು ಮೂಗು ಹೇಳಲಾರದು. ಹಿರಿಯರ ಮೂಗೂ ಸೋಲುವುದು ಇಲ್ಲೇ!

ಮನೆಯಲ್ಲಿ ಏನು ಮಾಡಬೇಕು? ಕುಡಿಯುವ ನೀರನ್ನು ಮುಚ್ಚಳ ತೆಗೆದು ಚೆನ್ನಾಗಿ ಕುದಿಸಿ, ಕಿಟಕಿ ತೆರೆದಿಡಿ. ಕ್ಲೋರೋಫಾರಂ 61 ಡಿಗ್ರಿಗೇ ಕುದಿಯುವ ವಸ್ತು, ಬಹುಪಾಲು ಹಬೆಯಲ್ಲಿ ಹೋಗುತ್ತದೆ. ರೋಗಾಣುವೂ ಸಾಯುತ್ತದೆ. ಆರಿದ ಮೇಲೆ ಮುಚ್ಚಿಡಿ. ಬಚ್ಚಲುಮನೆಯಲ್ಲೂ ಹಬೆ ಹೊರಹೋಗಲು ಕಿಂಡಿ ಇರಲಿ.

ನೀರಿನ ತೆರಿಗೆ ಕಟ್ಟುವವರು ಇನ್ನೊಂದು ಕೆಲಸವನ್ನೂ ಮಾಡಬೇಕು. ತಮ್ಮ ಊರಿನ ಕಚೇರಿಗೆ ಹೋಗಿ ಕೇಳಿ: "ಸೋಸಿ ಆಮೇಲೆ ಪೌಡರ್ ಹಾಕ್ತೀರಾ? ಟ್ರೈಹ್ಯಾಲೋಮೀಥೇನ್ ಪರೀಕ್ಷೆ ಕೊನೆಗೆ ಮಾಡಿಸಿದ್ದು ಯಾವಾಗ? ಫಲಿತಾಂಶ ಬೋರ್ಡಿಗೆ ಹಾಕ್ತೀರಾ?" ಕೇಳಿದರೆ ತಪ್ಪೇನಿಲ್ಲ, ಕುಡಿಯುವವರು ನಾವು.

ಅಂದಹಾಗೆ, ಹೋಟೆಲಿನ ಯಜಮಾನರು ಹಿರಿಯರಿಗೆ ಕುದಿಸಿ ಆರಿಸಿದ ನೀರು ಕೊಟ್ಟರು. ಜಗಳ ಅಲ್ಲಿಗೇ ಮುಗಿಯಿತು, ಬಸ್ಸೂ ಬಂತು. ಇಷ್ಟು ಸುಲಭದ ಉತ್ತರ ಊರಿಗೆಲ್ಲ ಸಿಗುವಂತೆ ಸಂಬಂಧಪಟ್ಟವರು ಗಮನಿಸುವರೇ?