ಹಳ್ಳಿಯ ಮನೆ ಕೊಳ್ಳುವ ಮುನ್ನ ಅಳತೆ, ತಪಾಸಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಕಟ್ಟುವವರ ಕಷ್ಟವನ್ನು ಹೇಳುತ್ತದೆ. ಬೇರೆಯವರು ಕಟ್ಟಿದ ಮನೆಯನ್ನು ಕೊಳ್ಳುವವರ ಕಷ್ಟದ ಬಗ್ಗೆ ಗಾದೆ ಏನನ್ನೂ ಹೇಳುವುದಿಲ್ಲ. ಕಟ್ಟುವವನಿಗೆ ತನ್ನ ಬುನಾದಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದಾದರೂ ಗೊತ್ತಿರುತ್ತದೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಹೊಸದಾಗಿ ಬಳಿದ ಸುಣ್ಣ ಮತ್ತು ಬಾಗಿಲಿಗೆ ಕಟ್ಟಿದ ತೋರಣ ಮಾತ್ರ.

ಒಂದು ಜೋಳಿಗೆಯಷ್ಟು ತೊಗರಿಬೇಳೆ ಕೊಳ್ಳುವಾಗ ಅಂಗೈ ಮೇಲೆ ಹಾಕಿ ಪರೀಕ್ಷಿಸುವ ಜನ, ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ಜನ, ಮನೆಯ ವ್ಯವಹಾರಕ್ಕೆ ಬಂದಾಗ ಒಮ್ಮೆ ಒಳಗೆ ಸುತ್ತಾಡಿ ಬಂದು ಮುಂಗಡ ಕೊಟ್ಟುಬಿಡುತ್ತಾರೆ. ಆ ಹಣ ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ದುಡಿದು ಉಳಿಸಿದ್ದಾಗಿರಬಹುದು. ನಿವೃತ್ತಿಯ ದಿನ ಕೈಗೆ ಬಂದ ಇಡುಗಂಟಾಗಿರಬಹುದು. ಮಗಳ ಓದಿಗೆಂದು ಎತ್ತಿಟ್ಟದ್ದೂ ಆಗಿರಬಹುದು. ಮನೆ ಕೆಟ್ಟರೆ ಅದರೊಡನೆ ಓದೂ ಕೆಡುತ್ತದೆ. ಆದ್ದರಿಂದ ಇದು ಹಿರಿಯರ ವ್ಯವಹಾರ ಎಂದು ವಿದ್ಯಾರ್ಥಿಗಳು ದೂರ ಉಳಿಯಬೇಕಾಗಿಲ್ಲ. ಶಾಲೆಯಲ್ಲಿ ಕಲಿತ ರೇಖಾಗಣಿತ ಮತ್ತು ಭೌತಶಾಸ್ತ್ರ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಸುಣ್ಣಕಲ್ಲಿನ ಸೀಮೆ

ಸೇಡಂ ತಾಲ್ಲೂಕಿನ ಕೋಡ್ಲಾ, ಅದರ ನೆರೆಯ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗಗಳು ಸುಣ್ಣಕಲ್ಲಿನ ಸೀಮೆ. ಶಹಾಬಾದಿನ ಪರ್ಸಿ ಕಲ್ಲು ದೇಶದ ಎಷ್ಟೋ ಊರುಗಳ ಮನೆಗಳಿಗೆ ನೆಲಹಾಸಾಗಿದೆ. ಇದೇ ಸುಣ್ಣಕಲ್ಲನ್ನು ನಂಬಿ 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂದಿತು. ಅನಂತರ ಸೇಡಂ, ಮಳಖೇಡಗಳಿಗೂ, ಈಚೆಗೆ ಕೋಡ್ಲಾಕ್ಕೂ ಕಾರ್ಖಾನೆಗಳು ಬಂದವು. ಈ ಸೀಮೆಯ ಹಳೆಯ ಮನೆಗಳಲ್ಲಿ ಗೋಡೆ, ನೆಲ, ಮೆಟ್ಟಿಲು ಎಲ್ಲವೂ ಕಲ್ಲು. ಮೇಲೆ ತೊಲೆ, ಜಂತಿ ಹಾಸಿ ಮಣ್ಣು ಮೆತ್ತಿದ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಇಂಥ ಮನೆ ಮಾರಾಟಕ್ಕೆ ಬಂದಾಗ ಎರಡು ಬಗೆಯ ಪರೀಕ್ಷೆ ಬೇಕು. ಒಂದು, ಜಾಗದ ಮತ್ತು ದಾಖಲೆಯ ಅಳತೆ. ಇದು ಭೂಮಾಪಕರ ಕೆಲಸ. ಇನ್ನೊಂದು, ಕಟ್ಟಡದ ಆರೋಗ್ಯ ತಪಾಸಣೆ. ಇದು ಸಿವಿಲ್ ಇಂಜಿನಿಯರರ ಕೆಲಸ. ಒಂದು ಆದ ಮಾತ್ರಕ್ಕೆ ಇನ್ನೊಂದು ಆದಂತಲ್ಲ.

ಕಾಗದ ಏನು ಹೇಳುತ್ತದೆ?

ಹೊಲಕ್ಕೆ ಪಹಣಿ ಇರುವಂತೆ ಗ್ರಾಮಠಾಣದೊಳಗಿನ ಮನೆಗೆ ಪಹಣಿ ಇರುವುದಿಲ್ಲ. ಅದರ ಲೆಕ್ಕ ಗ್ರಾಮ ಪಂಚಾಯಿತಿಯಲ್ಲಿರುತ್ತದೆ. 2013ರಿಂದ ಕರ್ನಾಟಕದಲ್ಲಿ ಇ-ಸ್ವತ್ತು ವ್ಯವಸ್ಥೆ ಬಂದಿದ್ದು, ನಮೂನೆ 9 ಮತ್ತು 11 ಎಂಬ ದಾಖಲೆಗಳು ಗಣಕಯಂತ್ರದ ಮೂಲಕವೇ ಸಿಗುತ್ತವೆ. ಮನೆ ಗ್ರಾಮಠಾಣದ ಹೊರಗೆ, ಹೊಲದಲ್ಲಿ ಕಟ್ಟಿದ್ದಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಂತೆ ಭೂಪರಿವರ್ತನೆ ಆಗಿದೆಯೇ ಎಂದು ನೋಡಬೇಕು. ಸರ್ವೆ ನಂಬರಿನ ಒಂದು ತುಂಡನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು.

ಋಣಭಾರ ಪತ್ರವನ್ನು ಎಲ್ಲರೂ ತೆಗೆಸುತ್ತಾರೆ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಪಂಚರ ಎದುರು ಬಾಯಿಮಾತಿನಲ್ಲಿ ಆದ ಪಾಲು, ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಸಾಲದ ಕರಾರು ಅದರಲ್ಲಿ ಕಾಣಿಸವು. ಪಿತ್ರಾರ್ಜಿತ ಮನೆಯಾದರೆ ಗಂಡುಮಕ್ಕಳ ಸಹಿ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಕೊಟ್ಟ ಮನೆಯಲ್ಲಿರುವ ಅಕ್ಕ-ತಂಗಿಯರನ್ನು ಕೇಳದೆ ಮಾಡಿದ ಖರೀದಿ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು.

ಈ ಭಾಗಕ್ಕೆ ಇನ್ನೂ ಒಂದು ವಿಶೇಷವಿದೆ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಉರ್ದು ಕಾಗದಗಳು ಇಂದಿಗೂ ಸಿಗುತ್ತವೆ. ಅವನ್ನು 'ಓದಲು ಬಾರದು' ಎಂದು ಬದಿಗಿಡಬಾರದು. ಬಲ್ಲವರಿಂದ ಅನುವಾದ ಮಾಡಿಸಿ, ಅದರಲ್ಲಿನ ಚೆಕ್ಕುಬಂದಿಯನ್ನು ಈಗಿನ ಪತ್ರದೊಡನೆ ಹೋಲಿಸಬೇಕು.

ತಾಂಡಾಗಳ ಸಂಗತಿ ಬೇರೆ. ಅನೇಕ ತಾಂಡಾಗಳು ಬಹುಕಾಲ ಕಂದಾಯ ಗ್ರಾಮಗಳೇ ಆಗಿರಲಿಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ಕೆ ಚಾಲನೆ ದೊರೆಯಿತು. ಇಂಥ ಮನೆ ಕೊಳ್ಳುವವರು ಹಕ್ಕುಪತ್ರದಲ್ಲಿ ಪರಭಾರೆಯ ಬಗ್ಗೆ ಷರತ್ತು ಇದೆಯೇ ಎಂದು ಸಾಲು ಸಾಲಾಗಿ ಓದಬೇಕು.

ನಾಲ್ಕು ಬದಿ ಸರಿ, ಆದರೂ ಜಾಗ ಕಡಿಮೆ!

ಖರೀದಿ ಪತ್ರದಲ್ಲಿ 'ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ, ಒಟ್ಟು 1200 ಚದರ ಅಡಿ' ಎಂದಿದೆ ಎನ್ನಿ. ಟೇಪು ಹಿಡಿದು ನಾಲ್ಕೂ ಬದಿ ಅಳೆದರೆ ಸರಿಯಾಗಿ 30, 40, 30, 40 ಅಡಿ ಬರುತ್ತದೆ. ಜಾಗ 1200 ಚದರ ಅಡಿಯೇ ಎಂದು ಒಪ್ಪಬಹುದೆ? ಖಂಡಿತ ಒಪ್ಪಬಾರದು. ಹಳ್ಳಿಯ ಓಣಿಗಳು ನೇರವಾಗಿರುವುದಿಲ್ಲ, ಮೂಲೆಗಳು ಲಂಬಕೋನದಲ್ಲಿರುವುದಿಲ್ಲ.

ಪೈಥಾಗೊರಸನ ಪ್ರಮೇಯದಂತೆ ಮೂಲೆಯಿಂದ ಮೂಲೆಗೆ ಎಳೆದ ಕರ್ಣ 50 ಅಡಿ ಇರಬೇಕು. ಅಳೆದಾಗ ಅದು 40 ಅಡಿ ಬಂತೆಂದುಕೊಳ್ಳಿ. ಆಗ ಜಾಗ 30, 40, 40 ಅಡಿಗಳ ಎರಡು ತ್ರಿಕೋನಗಳಾಗುತ್ತದೆ. ಹೆರಾನನ ಸೂತ್ರ ಬಳಸಿದರೆ ಒಂದೊಂದರ ವಿಸ್ತೀರ್ಣ ಸುಮಾರು 556 ಚದರ ಅಡಿ, ಒಟ್ಟು 1112. ಅಂದರೆ 88 ಚದರ ಅಡಿ ಕಡಿಮೆ. ಅದು 11 ಅಡಿ ಉದ್ದ, 8 ಅಡಿ ಅಗಲದ ಒಂದು ಅಡುಗೆಮನೆ! ಬದಿಗಳಲ್ಲಿ ಒಂದು ಅಂಗುಲವೂ ತಪ್ಪಿಲ್ಲದೆ ಒಂದು ಕೋಣೆಯೇ ಕಾಣೆಯಾಯಿತು.

ಜಾಗವನ್ನು ತ್ರಿಕೋನಗಳಾಗಿ ಒಡೆದು ಅಳೆಯುವ ಈ ಉಪಾಯವೇ ಭೂಮಾಪನದ ಜೀವಾಳ. 1802ರಲ್ಲಿ ಮದರಾಸಿನಿಂದ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಇದೇ ತತ್ವದ ಮೇಲೆ ಇಡೀ ಭಾರತವನ್ನು ಅಳೆಯಿತು. ಅದರ ಆಧಾರ ರೇಖೆಗಳಲ್ಲೊಂದನ್ನು ಬೀದರಿನ ಬಳಿಯೇ ಅಳೆಯಲಾಗಿತ್ತು.

ಡ್ರೋನ್ ಕಂಡದ್ದು, ಕಾಣದ್ದು

2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಹಳ್ಳಿಗಳ ಜನವಸತಿ ಪ್ರದೇಶದ ನಕ್ಷೆ ತಯಾರಿಸಲಾಗುತ್ತಿದೆ. 1767ರಷ್ಟು ಹಿಂದೆ ಸ್ಥಾಪನೆಯಾದ ಭಾರತೀಯ ಸರ್ವೇಕ್ಷಣ ಇಲಾಖೆಯೇ ಇದರ ತಾಂತ್ರಿಕ ಹೊಣೆ ಹೊತ್ತಿದೆ. ಮೊದಲ ಹಂತದಲ್ಲಿ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರುವ ಮೊದಲು ಪ್ರತಿ ಆಸ್ತಿಯ ಎಲ್ಲೆಯನ್ನು ಸುಣ್ಣದ ಪುಡಿಯಿಂದ ಗುರುತಿಸುತ್ತಾರೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಆ ಬಿಳಿ ಗೆರೆಗಳು ಮೂಡುತ್ತವೆ. ಅನಂತರ ಆಕ್ಷೇಪಣೆಗಳಿಗೆ ಅವಕಾಶವಿರುತ್ತದೆ.

ಇದು ದೊಡ್ಡ ಅನುಕೂಲವೇ ಸರಿ. ಆದರೆ ನೆಲದ ಮೇಲೆ ಸುಣ್ಣದ ಗೆರೆ ಎಳೆದವರು ಮನುಷ್ಯರು. ಗೆರೆ ಒಂದು ಮೊಳ ಆಚೆ ಬಿದ್ದಿದ್ದರೆ ಡ್ರೋನ್ ಅದನ್ನೂ ಅಷ್ಟೇ ನಿಷ್ಠೆಯಿಂದ ಚಿತ್ರಿಸುತ್ತದೆ. ಮೇಲಿನಿಂದ ಅದಕ್ಕೆ ಮಾಳಿಗೆ ಕಾಣುತ್ತದೆ. ಬುನಾದಿ, ಎರಡು ಮನೆಗಳ ನಡುವಿನ ಜಂಟಿ ಗೋಡೆ, ನೆರೆಯವರ ನೀರು ಹರಿಯುವ ಬಚ್ಚಲು ಕಾಣುವುದಿಲ್ಲ. ನೆಲದ ಮೇಲೆ ನಿಂತು ನೋಡುವ ಕಣ್ಣು ಬೇಕೇ ಬೇಕು.

ಗೋಡೆಯ ಒಳಗಿನ ಕಥೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ನೆರೆಯ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅದರ ತೀವ್ರತೆ 6ಕ್ಕಿಂತ ತುಸು ಹೆಚ್ಚು. ಸಾವು ಇಷ್ಟೊಂದು ಏರಲು ಮುಖ್ಯ ಕಾರಣ ಮನೆ ಕಟ್ಟಿದ ರೀತಿ: ಮಣ್ಣಿನ ಗಾರೆಯಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಕಲಬುರಗಿ ಸೀಮೆಯ ಹಳೆಯ ಮನೆಗಳೂ ಬಹುಮಟ್ಟಿಗೆ ಇದೇ ಜಾತಿಯವು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ಭಾಗದ ಗಡಿಕೇಶ್ವಾರದ ಸುತ್ತ ಮೇಲಿಂದ ಮೇಲೆ ಭೂಮಿ ಕಂಪಿಸಿ, ಜನ ಮನೆ ಬಿಟ್ಟು ಬಯಲಲ್ಲಿ ರಾತ್ರಿ ಕಳೆದರು. ಅಕ್ಟೋಬರ್ 11ರ ರಾತ್ರಿಯ ಕಂಪನದ ತೀವ್ರತೆ 4.1 ಇತ್ತು.

ದಪ್ಪ ಗೋಡೆ ಎಂದರೆ ಗಟ್ಟಿ ಗೋಡೆ ಎಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ಎರಡು ಅಡಿಯ ಕಲ್ಲುಗೋಡೆ ಎಂದರೆ ಎಷ್ಟೋ ಸಲ ಒಳಮುಖದ್ದೊಂದು, ಹೊರಮುಖದ್ದೊಂದು ಎರಡು ತೆಳು ಗೋಡೆಗಳು. ನಡುವೆ ತುಂಬಿದ್ದು ಚೂರುಕಲ್ಲು, ಮಣ್ಣು. ಎರಡನ್ನೂ ಬಿಗಿಯುವ ಉದ್ದನೆಯ ಅಡ್ಡಗಲ್ಲುಗಳು ಇಲ್ಲದಿದ್ದರೆ ಕಂಪನದಲ್ಲಿ ಅವು ಬೇರೆ ಬೇರೆಯಾಗಿ ಬೀಳುತ್ತವೆ. ಗೋಡೆ ನಡುವೆ ಉಬ್ಬಿದೆಯೇ ಎಂದು ಗೌಂಡಿಯ ತೂಗುಗುಂಡು ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಇನ್ನು ಮಾಳಿಗೆಯ ಭಾರ. ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕುವುದು ರೂಢಿ. ಹಳೆಯದನ್ನು ತೆಗೆಯದೆ ಹಾಕುತ್ತ ಹೋದರೆ ಪದರ ಬೆಳೆಯುತ್ತದೆ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದರ ತೂಕ ಸುಮಾರು ನಾಲ್ಕೂವರೆ ಟನ್. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಅಷ್ಟು ಭಾರ ಹೊತ್ತ ತೊಲೆಯ ತುದಿ ಗೋಡೆಯೊಳಗೆ ಗೆದ್ದಲು ಹಿಡಿದು ಟೊಳ್ಳಾಗಿದ್ದರೆ ಹೊರಗಿನ ಬಣ್ಣ ಅದನ್ನು ಹೇಳುವುದಿಲ್ಲ. ತಟ್ಟಿದಾಗ ಬರುವ ಸದ್ದು ಹೇಳುತ್ತದೆ.

ಕಾಲ ಕೆಳಗೂ ನೋಡಬೇಕು. ಹಿಂದೆ ಜೋಳ ಕೂಡಿಡಲು ಮನೆಯೊಳಗೆ, ಅಂಗಳದಲ್ಲಿ ಹಗೇವು ತೋಡುತ್ತಿದ್ದರು. ಬಳಕೆ ನಿಂತ ಮೇಲೆ ಬಾಯಿಗೆ ಪರ್ಸಿ ಮುಚ್ಚಿ ಮರೆತವೂ ಇವೆ. ಅದರ ಮೇಲೆ ಹೊಸ ಗೋಡೆ ಎತ್ತಿದರೆ ಕುಸಿತ ತಪ್ಪದು. ಹಗೇವನ್ನು ಪತ್ತೆ ಮಾಡಿದವರು ಒಡನೆಯೇ ಒಳಗೆ ಇಳಿಯಬಾರದು. ಅಲ್ಲಿ ಆಮ್ಲಜನಕ ಇಲ್ಲದೆ, ಇಂಗಾಲದ ಡೈಆಕ್ಸೈಡ್ ತುಂಬಿರಬಹುದು.

ಕಪ್ಪು ಮಣ್ಣಿನ ಉಸಿರಾಟ

ತೊಗರಿಗೆ ಹೆಸರಾದ ಇಲ್ಲಿಯ ಎರೆಮಣ್ಣು ಬೆಳೆಗೆ ವರ, ಬುನಾದಿಗೆ ಶಾಪ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಸೇರಿ ಮಣ್ಣು ಹಿಗ್ಗುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಗಟ್ಟಿ ಕಲ್ಲಿನವರೆಗೆ ಇಳಿಯದಿದ್ದರೆ ಮನೆ ವರ್ಷವರ್ಷವೂ ಈ ಮಣ್ಣಿನೊಡನೆ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಬಹುಮಟ್ಟಿಗೆ ಇದರ ಗುರುತು.

ಮಣ್ಣಿನ ಈ ಗುಣವನ್ನು ಶಾಲೆಯ ಪ್ರಯೋಗಾಲಯದಲ್ಲೇ ಅಳೆಯಬಹುದು. ಒಣಗಿಸಿ, ಪುಡಿ ಮಾಡಿ, ಸಣ್ಣಗೆ ಜರಡಿ ಹಿಡಿದ ಮಣ್ಣನ್ನು 10 ಮಿಲಿಲೀಟರಿನಷ್ಟು ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗದೆ 10ರಲ್ಲೇ ನಿಂತು, ನೀರಿನಲ್ಲಿ 16ಕ್ಕೆ ಏರಿದರೆ ಹಿಗ್ಗುವಿಕೆ ಶೇಕಡಾ 60. ಶೇಕಡಾ 50 ದಾಟಿದರೆ ಬುನಾದಿಯ ಬಗ್ಗೆ ಇಂಜಿನಿಯರರ ಸಲಹೆ ಪಡೆಯಲೇಬೇಕು.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ? ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಸಿಮೆಂಟಿನಿಂದ ಅಂಟಿಸಿ ದಿನಾಂಕ ಬರೆದಿಡುವುದು ಹಳೆಯ ಉಪಾಯ. ಗೋಡೆ ಅಲುಗಾಡಿದರೆ ಗಾಜು ಒಡೆಯುತ್ತದೆ. ಗಣಿಯ ಸಮೀಪದ ಮನೆಗಳಿಗೆ ಈ ಪರೀಕ್ಷೆ ವಿಶೇಷವಾಗಿ ಉಪಯುಕ್ತ. ಸಾಧ್ಯವಾದರೆ ಮನೆಯನ್ನು ಬೇಸಿಗೆಯಲ್ಲೊಮ್ಮೆ, ಮಳೆ ಸುರಿಯುವಾಗ ಒಮ್ಮೆ ನೋಡಬೇಕು.

ಕೇಳಲು ಸಂಕೋಚವೇಕೆ?

ಇಷ್ಟೆಲ್ಲ ತಿಳಿದಿದ್ದರೂ ಜನ ಹಿಂಜರಿಯುವುದು ಖರ್ಚಿಗಿಂತ ಸಂಕೋಚಕ್ಕೆ. 'ನಮ್ಮ ಮಾತಿನ ಮೇಲೆ ನಂಬಿಕೆ ಇಲ್ಲೇನ್ರಿ?' ಎಂಬ ಒಂದು ಮಾತಿಗೆ ಕೊಳ್ಳುವವರು ತಲೆ ತಗ್ಗಿಸುತ್ತಾರೆ. ಆದರೆ ಒಳ್ಳೆಯ ಮಾರಾಟಗಾರನಿಗೂ ತನ್ನ ಗೋಡೆಯ ಒಳಗು ಗೊತ್ತಿರುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ಕೊಳ್ಳುವವನಿಗೆ ಹೇಳಬೇಕೆನ್ನುತ್ತದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ತಾನೇ ಕಂಡುಕೊಳ್ಳಬಹುದಾದ ದೋಷಕ್ಕೆ ಈ ರಕ್ಷಣೆ ಇಲ್ಲ. ಅಂದರೆ ನೋಡಿಕೊಳ್ಳುವ ಹೊಣೆ ಕೊಳ್ಳುವವನ ಮೇಲೂ ಇದೆ.

ಮುಂಗಡ ಕೊಡುವ ಮೊದಲೇ ಈ ಮಾತು ಆಗಬೇಕು. ಜಾಗದ ಅಳತೆಗೆ ತಾಲ್ಲೂಕಿನ ಭೂದಾಖಲೆಗಳ ಕಚೇರಿಯ ಮೂಲಕ ಅಥವಾ ಪರವಾನಗಿ ಪಡೆದ ಭೂಮಾಪಕರಿಂದ, ನೆರೆಹೊರೆಯವರ ಎದುರಿನಲ್ಲೇ ಹದ್ದು ಗುರುತಿಸಬೇಕು. ಕಟ್ಟಡಕ್ಕೆ, ಮಾರುವವರೊಡನೆಯಾಗಲಿ ದಲ್ಲಾಳಿಯೊಡನೆಯಾಗಲಿ ಸಂಬಂಧವಿಲ್ಲದ ಇಂಜಿನಿಯರರನ್ನು ಕರೆಸಿ ಬರಹದಲ್ಲಿ ವರದಿ ಪಡೆಯಬೇಕು. ಅದರಲ್ಲಿ ಬುನಾದಿ, ಗೋಡೆ, ಮಾಳಿಗೆ, ನೀರು ಹರಿಯುವ ದಾರಿ, ತಕ್ಷಣ ಆಗಬೇಕಾದ ದುರಸ್ತಿ ಮತ್ತು ಅದರ ಅಂದಾಜು ವೆಚ್ಚ ಬೇರೆ ಬೇರೆಯಾಗಿ ಇರಬೇಕು. ದೋಷ ಕಂಡ ಮಾತ್ರಕ್ಕೆ ಮನೆ ಬಿಡಬೇಕೆಂದೇನಿಲ್ಲ. ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಇಳಿಸಲು ಕೇಳಬಹುದು. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ, ಗೋಡೆಗೆ ಅಡ್ಡಗಲ್ಲು ಸೇರಿಸಿ, ಟೊಳ್ಳು ತೊಲೆ ಬದಲಿಸಿದರೆ ಹಳೆಯ ಕಲ್ಲಿನ ಮನೆ ಇನ್ನೊಂದು ತಲೆಮಾರಿಗೆ ನೆರಳಾದೀತು.

ಅಳತೆ ಮಾಡಿಸಿದ್ದರಿಂದ ಊರಲ್ಲಿ ಒಂದು ದಿನ ಮುನಿಸು ಬರಬಹುದು. ಅಳತೆ ಇಲ್ಲದ ಗೋಡೆಯಿಂದ ಎರಡು ಮನೆಗಳ ನಡುವೆ ಹುಟ್ಟಿದ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಮುಗಿಯದಿರುವುದುಂಟು. ಮುಂದಿನ ಸಲ ಮನೆಯಲ್ಲಿ ಇಂಥ ಮಾತು ಬಂದಾಗ, ಪ್ರೌಢಶಾಲೆಯ ಹುಡುಗನೋ ಹುಡುಗಿಯೋ ಟೇಪು ಹಿಡಿದು 'ಅಪ್ಪಾ, ಮೊದಲು ಕರ್ಣ ಅಳೆಯೋಣ' ಎಂದರೆ ಹಿರಿಯರು ಬೇಸರಪಡದೆ ಟೇಪಿನ ಇನ್ನೊಂದು ತುದಿ ಹಿಡಿಯಲಿ.