ಗೇಟು ಕಾಯೋ ಕೆಲಸ, ನಮ್ಮ ಹೆಣ್ಣುಮಕ್ಕಳಿಗೆ ಯಾಕಿಲ್ಲ?

2024ರ ಆಗಸ್ಟ್ 10ರ ರಾತ್ರಿಯನ್ನು ಹೊಸಪೇಟೆಯವರು ಮರೆಯೋಕೆ ಸಾಧ್ಯವೇ ಇಲ್ಲ. ತುಂಗಭದ್ರಾ ಜಲಾಶಯಕ್ಕೆ ಇರೋದು 33 ಗೇಟು. 19ನೇ ಗೇಟಿನ ಚೈನ್ ತುಂಡಾಯ್ತು, ಗೇಟೇ ಕೊಚ್ಚಿಕೊಂಡು ಹೋಯ್ತು. ಉಳಿದ 32 ಗೇಟು ನಿಂತೇ ಇದ್ದರೂ ಕೆಳಗೆ ಕಂಪ್ಲಿವರೆಗೆ ಜನರಿಗೆ ಆತಂಕ ತಪ್ಪಲಿಲ್ಲ.

ಸೈಬರ್ ಭದ್ರತೆ ಅಂದ್ರೆ ಇದೇ ನೋಡಿ. ಯಾವ ಚೈನ್ ಸವೆದಿದೆ ಅಂತ ಕಳ್ಳನಿಗಿಂತ ಮೊದಲು ಪತ್ತೆ ಮಾಡೋ ಕೆಲಸ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಯೋದೇ ಕಂಪ್ಯೂಟರ್ ನಿಯಂತ್ರಣದಲ್ಲಿ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿ ಪಕ್ಕದ ಬಳ್ಳಾರಿಯಲ್ಲಿದೆ. ಹಂಪಿಯಲ್ಲಿ ಎಳನೀರಿಗೂ ಕ್ಯೂಆರ್ ಕೋಡ್. ಅಂದ್ಮೇಲೆ ಕಾಯೋರು ಇಲ್ಲೂ ಬೇಕಲ್ವಾ?

ಆದರೆ ಜಗತ್ತಿನಾದ್ಯಂತ ಈ ಕ್ಷೇತ್ರದಲ್ಲಿ ಮಹಿಳೆಯರು ಸುಮಾರು ಕಾಲು ಭಾಗ ಮಾತ್ರ. ಹೊಸಪೇಟೆಯಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ನಮ್ಮ ಹುಡುಗಿಯರು ಕಂಪ್ಯೂಟರ್ ಸೈನ್ಸ್ ಓದ್ತಾರೆ. ಹಾಗಾದ್ರೆ ದಾರಿ ತಪ್ಪೋದು ಎಲ್ಲಿ?

ಒಂದು, ನೈಟ್ ಶಿಫ್ಟ್. ಹ್ಯಾಕರ್‌ಗೆ ರಾತ್ರಿ ಹಗಲು ಇಲ್ಲ, ಹಾಗಾಗಿ ಕಾವಲು ಕೇಂದ್ರಗಳು 24 ಗಂಟೆ ನಡೀತವೆ. 'ಬೆಂಗಳೂರಾ? ರಾತ್ರಿನಾ? ಬೇಡ' ಅಂತಾರೆ ಮನೆಯವರು. ಎರಡು, ಮದುವೆ, ಬಾಣಂತನ. ಎರಡು ವರ್ಷ ಬಿಟ್ಟು ಬಂದರೆ ದಾಳಿಯ ವಿಧಾನಗಳೇ ಬದಲಾಗಿರ್ತವೆ. ಕಲಿತದ್ದನ್ನು ಮತ್ತೆ ಸಾಣೆ ಹಿಡಿಯೋಕೆ ಅವಕಾಶ ಕೊಡೋರು ಕಡಿಮೆ.

ಇದು ಬರೀ ಸಂಬಳದ ಪ್ರಶ್ನೆ ಅಲ್ಲ. ಕಂಪ್ಲಿಯ ಒಬ್ಬ ಹುಡುಗಿಯ ಫೋಟೋವನ್ನು ಯಾರೋ ತಿರುಚಿ ಬೆದರಿಸ್ತಿದ್ದಾರೆ ಅಂದುಕೊಳ್ಳಿ. ಅಪ್ಪನಿಗೇ ಹೇಳೋಕಾಗದವಳು ಠಾಣೆಯಲ್ಲಿ ಅಪರಿಚಿತ ಗಂಡಸಿನ ಕೈಗೆ ಮೊಬೈಲ್ ಕೊಡ್ತಾಳಾ? ಎದುರಿಗೆ ಸೈಬರ್ ತಿಳಿದ ಒಬ್ಬ ಹೆಣ್ಣುಮಗಳು ಕೂತಿದ್ದರೆ ಬಾಯಿ ಬಿಡ್ತಾಳೆ. ಹೇಳದೇ ಉಳಿದ ದೂರಿಗೆ ತನಿಖೆಯೇ ಇಲ್ಲ.

ಪ್ರಯತ್ನ ಆಗಿಲ್ಲ ಅಂತಲ್ಲ. ಮಹಿಳಾ ಎಂಜಿನಿಯರಿಂಗ್ ಪದವೀಧರರಿಗಾಗಿಯೇ 2018ರಲ್ಲಿ 'ಸೈಬರ್ ಶಿಕ್ಷಾ' ತರಬೇತಿ ಶುರುವಾಯ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ರಾಜ್ಯದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ 'ಸೈಸೆಕ್' ಇದೆ. 2024ರಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿ ಬಂತು, ಅದರಲ್ಲಿ ಇಂಟರ್ನ್‌ಶಿಪ್‌ಗೂ ಪ್ರೋತ್ಸಾಹ ಇದೆ. ನನ್ನ ಪ್ರಶ್ನೆ ಇಷ್ಟೇ. ಇದೆಲ್ಲ ಬೆಂಗಳೂರಿಗೇ ಸಾಕಾ? ಹೊಸಪೇಟೆಯ ಕಾಲೇಜಿನಲ್ಲೇ ಒಂದು ಲ್ಯಾಬ್, ಇಲ್ಲಿನ ಕಾರ್ಖಾನೆ, ಬ್ಯಾಂಕುಗಳಲ್ಲೇ ಇಂಟರ್ನ್‌ಶಿಪ್, ರಾತ್ರಿ ಪಾಳಿಗೆ ಮನೆ ಬಾಗಿಲವರೆಗೆ ವಾಹನ, ಬಾಣಂತನ ಮುಗಿಸಿ ಬಂದವರಿಗೆ ಆರು ತಿಂಗಳ ಮರುತರಬೇತಿ. ಕೇಳ್ತಿರೋದು ಇಷ್ಟೇ, ದೊಡ್ಡದೇನಲ್ಲ.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಆನ್‌ಲೈನ್‌ನಲ್ಲಿ ದುಡ್ಡು ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತ ದಿನಾ ಹೇಳ್ತೀವಿ. ಆ ಕರೆ ಎತ್ತಿಕೊಳ್ಳೋಳು, ಆ ಕಳ್ಳನ ಜಾಡು ಹಿಡಿಯೋಳು ನಿಮ್ಮ ಮಗಳೇ ಯಾಕಾಗಬಾರದು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವಳನ್ನೇ ಕೇಳಿ ನೋಡಿ.